ಪೆನ್‌ಡ್ರೈವ್ ಖಾಲಿ ಕೊಡಬಾರದು

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮನೆಯ ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ನಿಮ್ಮನ್ನು ಕರೆಸಿದವರು ‘ಇದು ಹೋಗುತ್ತದಾ?’ ಎಂದು ಕೇಳುವುದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆ, ‘ಇದನ್ನ ತಂದವರು ಯಾರು?’ ಅದಕ್ಕೆ ಉತ್ತರ ಕೊಡಬೇಡಿ. ಗೊತ್ತಿಲ್ಲದಿದ್ದರೆ ಹೇಗೂ ಸುಮ್ಮನಿರುತ್ತೀರಿ. ಗೊತ್ತಿದೆ ಎಂದು ಅನಿಸಿದಾಗ ಮಾತ್ರ ಬಾಯಿಗೆ ಎಲೆಅಡಿಕೆ ತುಂಬಿಕೊಂಡು ಕೂತುಬಿಡಿ. ನಾನು ಬಾಯಿಬಿಟ್ಟು ಕೆಟ್ಟವಳು, ಅದಕ್ಕೇ ಹೇಳುತ್ತಿದ್ದೇನೆ.

ನಾನು ಲಲಿತ, ಕೆಳದಿಯವಳು. ಸಾಗರದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರುಗಳೆಲ್ಲ ಗುಜರಿಗೆ ಹೋದ ಮೇಲೆ ಅಲ್ಲೇ ಒಂದು ಕಂಪ್ಯೂಟರ್ ಅಂಗಡಿ ಸೇರಿ ರಿಪೇರಿ ಕಲಿತೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನ ಮನೆಗಳಿಗೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ನೋಡಿ ಬರುವುದು ನನ್ನ ಪಾಲಿಗೆ ಬಂದ ಕೆಲಸ. ಈಗ ಬಿಟ್ಟು ಮನೆಯಲ್ಲಿದ್ದೇನೆ. ಸ್ಕ್ರೂಡ್ರೈವರ್ ತುಂಬಿಕೊಂಡು ತಿರುಗಿದ ಚೀಲದಲ್ಲಿ ಈಗ ಈರುಳ್ಳಿ ಇದೆ.

ಶುರುವಿನಲ್ಲಿ ಯಾವ ಮನೆಗೆ ಹೋದರೂ ಬಾಗಿಲು ತೆಗೆದವರು ನನ್ನ ಬೆನ್ನ ಹಿಂದೆ ಇಣುಕುತ್ತಿದ್ದರು. “ರಿಪೇರಿಯವರು ಬರ್ಲಿಲ್ವಾ?”

“ಬಂದಿದಾರೆ.”

“ಎಲ್ಲಿ?”

“ಇಲ್ಲೇ ಬಾಗಿಲಲ್ಲಿ ನಿಂತಿದಾರೆ. ನೀವು ಒಳಗೆ ಕರೀಬೇಕಷ್ಟೆ.”

ಆಗ ಅವರ ಮುಖ ನೋಡಬೇಕು. ಆ ಮುಖ ನೋಡುವುದಕ್ಕಾಗಿಯೇ ನಾನು ಎಷ್ಟೋ ವರ್ಷ ಈ ಮಾತನ್ನು ಬದಲಾಯಿಸಲಿಲ್ಲ.

ನಮ್ಮ ಅಂಗಡಿಯ ಯಜಮಾನರು ಶೀನಣ್ಣ. ಒಳ್ಳೆಯ ಮನುಷ್ಯ, ಆದರೆ ಅವರಿಗೆ ಗೊತ್ತಿದ್ದದ್ದು ಒಂದೇ ಔಷಧ. ಯಂತ್ರ ನಿಧಾನವಾಯಿತು ಅಂದರೂ “ಫಾರ್ಮ್ಯಾಟ್ ಹೊಡಿ”, ಪ್ರಿಂಟ್ ಮಸುಕಾಗಿದೆ ಅಂದರೂ “ಫಾರ್ಮ್ಯಾಟ್ ಹೊಡಿ”. ಅಂದರೆ ಒಳಗಿದ್ದದ್ದನ್ನೆಲ್ಲ ಒರೆಸಿ ಹಾಕಿ ಮೊದಲಿಂದ ಶುರು ಮಾಡುವುದು. ಹೊಸದರಲ್ಲಿ ಅವರ ಮಾತು ಕೇಳಿ ಸಾಗರದ ಒಂದು ಮನೆಯಲ್ಲಿ ಹಾಗೇ ಮಾಡಿದೆ. ವೈರಸ್ ಹೋಯಿತು. ಅದರ ಜೊತೆ ಆ ಮನೆಯ ಮಗುವಿನ ಒಂದು ವರ್ಷದ ಫೋಟೊಗಳೂ ಹೋದವು. ತಾಯಿ ಬೈಯಲಿಲ್ಲ, ಅಳಲೂ ಇಲ್ಲ. “ಅಜ್ಜಿ ಎತ್ಕೊಂಡಿದ್ದ ಫೋಟೊ ಅದೊಂದೇ ಇತ್ತು” ಅಂದಳು ಅಷ್ಟೆ. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ನಾನು ಇಂದಿಗೂ ಬಸ್ಸಿನ ಬೋರ್ಡು ಓದುವವಳಂತೆ ತಲೆ ಎತ್ತಿ ನಿಲ್ಲುತ್ತೇನೆ.

ಆಮೇಲೆ ನಾನು ಫಾರ್ಮ್ಯಾಟ್ ಬಿಟ್ಟು ಹುಡುಕುವುದನ್ನು ಕಲಿತೆ. ಮೊದಲು ನೆಟ್ಟಿನ ವಯರ್ ಎಳೆದುಹಾಕುವುದು. ಸೇಫ್ ಮೋಡಿನಲ್ಲಿ, ಅಂದರೆ ಅಗತ್ಯದ ಸಾಮಾನಷ್ಟೇ ಎಚ್ಚರವಿರುವಂತೆ, ಯಂತ್ರ ಏಳಿಸುವುದು. ಏಳುವಾಗ ಜೊತೆಗೆ ಏನೇನು ಏಳುತ್ತದೆ ಎಂದು ನೋಡುವುದು. ಅಡಗಿಸಿಟ್ಟ ಫೈಲುಗಳನ್ನು ಕಣ್ಣಿಗೆ ಕಾಣುವಂತೆ ಮಾಡುವುದು. ಸಿಕ್ಕಿದ ಕಳ್ಳ ಫೈಲಿನ ಹೆಸರು, ತಾರೀಕು, ಹೊತ್ತು ಮೂರನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೇ ಅಳಿಸುವುದು. ಬರೆಯುವುದು ಯಾಕೆ ಅಂತ ಶೀನಣ್ಣ ನಗುತ್ತಿದ್ದರು. ನನಗೂ ಗೊತ್ತಿರಲಿಲ್ಲ, ಟೈಪಿಂಗ್ ಕಲಿಸಿದವಳ ಚಟ.

ತೀರ್ಥಹಳ್ಳಿಯಲ್ಲಿ ಸುಬ್ಬರಾಯರು ಅಂತ ನಿವೃತ್ತ ಇಂಜಿನಿಯರು ಇದ್ದರು. ಒಂದೇ ಕಂಪ್ಯೂಟರಿಗೆ ಮೂರು ಆಂಟಿವೈರಸ್ ಹಾಕಿಸಿಕೊಂಡಿದ್ದರು. “ಒಬ್ಬ ಮಲಗಿದ್ರೆ ಇನ್ನೊಬ್ಬ ಕಾಯ್ತಾನೆ ಲಲಿತಮ್ಮ” ಎಂಬುದು ಅವರ ಲೆಕ್ಕ. ಆ ಮೂವರು ಕಾವಲುಗಾರರೂ ಒಬ್ಬರನ್ನೊಬ್ಬರು ಕಳ್ಳ ಅಂತ ಹಿಡಿದುಕೊಂಡು ಒಳಗೇ ಕುಸ್ತಿ ಮಾಡುತ್ತಿದ್ದರು. ರಾಯರು ಬೆಳಿಗ್ಗೆ ಸ್ವಿಚ್ ಒತ್ತಿ, ಸ್ನಾನ ಮುಗಿಸಿ, ದೇವರಿಗೆ ಹೂ ಏರಿಸಿ, ತಿಂಡಿ ತಿಂದು ಬರುವ ಹೊತ್ತಿಗೆ ಪರದೆ ಬೆಳಗುತ್ತಿತ್ತು. ಎರಡನ್ನು ತೆಗೆಯುತ್ತೇನೆ ಅಂದರೆ ಒಪ್ಪಲಿಲ್ಲ. “ಯಂತ್ರ ನಿಧಾನ ಆದ್ರೆ ಆಗ್ಲಿ, ನಂಗೆ ಅರ್ಜೆಂಟ್ ಎಂತದೂ ಇಲ್ಲ” ಅಂದರು.

ಈಗಿನ ಕಾಟ ನೆಟ್ಟಿನಿಂದ ಬರುತ್ತದೆ. ಆಗ ನಮ್ಮ ಕಡೆ ನೆಟ್ಟೇ ಸರಿಯಾಗಿ ಇರಲಿಲ್ಲ. ಆಂಟಿವೈರಸ್ಸಿನ ಹೊಸ ಪಟ್ಟಿಯನ್ನೂ ನಾನು ಸಾಗರದಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಮನೆಮನೆಗೆ ಹೊತ್ತು ತಿರುಗಬೇಕಿತ್ತು. ಹಾಗಾದರೆ ವೈರಸ್ ಹೇಗೆ ಬರುತ್ತಿತ್ತು ಅಂತ ಕೇಳುತ್ತೀರಿ. ಮರ್ಯಾದೆಯಿಂದ ಬರುತ್ತಿತ್ತು.

ನಮ್ಮ ಕಡೆ ಪಕ್ಕದ ಮನೆಯಿಂದ ಉಪ್ಪಿನಕಾಯಿ ಬಂದ ಡಬ್ಬಿಯನ್ನು ಯಾರೂ ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಾರೆ. ಪೆನ್‌ಡ್ರೈವ್ ಬಂದಾಗ ಜನ ಅದನ್ನೂ ಡಬ್ಬಿಯ ಸಾಲಿಗೇ ಸೇರಿಸಿಬಿಟ್ಟರು. ಮದುವೆ ಫೋಟೊ ತುಂಬಿ ಬಂದ ಪೆನ್‌ಡ್ರೈವ್ ವಾಪಸ್ ಹೋಗುವಾಗ ಭಜನೆ ಹಾಕಿಸಿಕೊಂಡು ಹೋಗುತ್ತಿತ್ತು. ಭಜನೆ ತಂದದ್ದು ಕಸೂತಿಯ ಡಿಸೈನು ತುಂಬಿಕೊಂಡು ಮರಳುತ್ತಿತ್ತು. ಹಾಕುವುದಕ್ಕೆ ಮನೆಯಲ್ಲಿ ಏನೂ ಇಲ್ಲದವರು ಪೇಟೆಯ ಕಂಪ್ಯೂಟರ್ ಸೆಂಟರಿಗೆ ಹೋಗಿ “ಎಂತಾದ್ರೂ ಒಳ್ಳೇದು ತುಂಬ್ಸಿ ಕೊಡಿ” ಅಂತ ಕೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಊರಿನ ಅಷ್ಟೂ ವೈರಸ್ಸುಗಳು ಆ ಸೆಂಟರುಗಳಲ್ಲಿ ಬೀಡುಬಿಟ್ಟಿರುತ್ತಿದ್ದವು.

ಈ ಮರ್ಯಾದೆ ನನಗೂ ಸಿಕ್ಕಿತು. ಹೊಸನಗರ ಪೇಟೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ, ಅಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ರಾಮಪ್ಪನವರ ಮನೆ. ಪ್ರಿಂಟರ್ ಸರಿಮಾಡಲು ಹೋದವಳು ನನ್ನ ಕೆಂಪು ಪೆನ್‌ಡ್ರೈವನ್ನು ಅಲ್ಲೇ ಮರೆತು ಬಂದೆ. ನಾಲ್ಕೈದು ದಿನ ಬಿಟ್ಟು ಬಸ್ ಕಂಡಕ್ಟರ್ ಕೈಯಲ್ಲಿ ಅದು ಸಾಗರಕ್ಕೆ ಬಂತು. ತೆರೆದು ನೋಡಿದರೆ ನನ್ನ ಸಾಮಾನುಗಳ ಪಕ್ಕದಲ್ಲಿ ಮೂರು ಗಂಟೆಯ ಒಂದು ತಾಳಮದ್ದಳೆ. ಮೇಷ್ಟ್ರು ಎಷ್ಟು ಒಳ್ಳೆಯವರು ಅಂತ ನಾನೂ ಶೀನಣ್ಣನೂ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಪೂರ್ತಿ ಕೇಳಿದೆವು. ಬೇರೆಯವರ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡದೆ ಮುಟ್ಟದವಳು ನಾನು. ನನ್ನದನ್ನೇ ಸ್ಕ್ಯಾನ್ ಮಾಡಬೇಕು ಅಂತ ಹೊಳೆಯಲಿಲ್ಲ.

ಅದಾಗಿ ಒಂದು ತಿಂಗಳಿಗೆ ಮೇಷ್ಟ್ರ ಫೋನು. “ಲಲಿತಮ್ಮ, ಕೂಡ್ಲೇ ಬನ್ನಿ. ನನ್ನ ಫೋಟೊ ಎಲ್ಲಾ ಹೋಯ್ತು.”

ಹೋದೆ. ಮೇಷ್ಟ್ರು ತಮ್ಮ ಸರ್ವೀಸಿನ ಅಷ್ಟೂ ವರ್ಷದ ಶಾಲಾ ಗ್ರೂಪ್ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಫೋಲ್ಡರುಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿ ಕೂತಿದ್ದವು; ಒತ್ತಿದರೆ ಏನೂ ತೆರೆಯುವುದಿಲ್ಲ. ಇದು ಕಣ್ಣುಕಟ್ಟಿನ ವೈರಸ್. ನಿಜವಾದ ಫೋಲ್ಡರುಗಳನ್ನು ಅಡಗಿಸಿ, ಅವುಗಳ ಜಾಗದಲ್ಲಿ ಸುಳ್ಳು ಹೆಸರು ನಿಲ್ಲಿಸುತ್ತದೆ. ಶೀನಣ್ಣ ಬಂದಿದ್ದರೆ ಎಲ್ಲ ಒರೆಸಿಹಾಕುತ್ತಿದ್ದರು. ನಾನು ಅರ್ಧ ದಿನ ಕೂತು ಒಂದೂ ಫೋಟೊ ಕಳೆಯದೆ ಹೊರಗೆ ತಂದೆ. ಮೇಷ್ಟ್ರ ಕಣ್ಣು ತುಂಬಿತು. ನನಗೆ ಕೊಂಬು ಮೂಡಿತು.

ಆಗ ಬಂತು ಮೊದಲನೆಯ ಪ್ರಶ್ನೆ. “ಇದನ್ನ ತಂದವ್ರು ಯಾರು?”

ಕೊಂಬು ಮೂಡಿದವಳು ಸುಮ್ಮನಿರುತ್ತಾಳಾ? ನೋಟ್‌ಬುಕ್ ತೆರೆದು, “ಯಾರು ಅಂತ ಹೇಳಕ್ಕಾಗಲ್ಲ ಮೇಷ್ಟ್ರೇ, ಆದ್ರೆ ಯಾವತ್ತು ಅಂತ ಹೇಳ್ತೀನಿ. ಹೋದ ತಿಂಗಳ ಒಂಬತ್ತನೇ ತಾರೀಕು” ಅಂದೆ.

ಆ ಮನೆಯ ಯಜಮಾನಿ ಗೌರಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲವನ್ನೂ ಬರೆದಿಡುವವರು. ಗ್ಯಾಸ್ ಬಂದ ದಿನ, ಎಮ್ಮೆ ಕರು ಹಾಕಿದ ದಿನ, ನೆಂಟರು ಬಂದ ದಿನ, ಹೋದ ದಿನ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಎದ್ದು ಹೋಗಿ, ಹಿಂದಿನ ಹಾಳೆ ತಿರುವಿ, ಒಂಬತ್ತನೇ ತಾರೀಕಿನ ಚೌಕವನ್ನು ಓದಿದರು. ‘ಸುಜಾತ ಬಂದಳು.’

ಸುಜಾತ ಅವರ ಸೊಸೆ. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಗಂಡನಿಗೆ ಮಾಸ್ತಿಕಟ್ಟೆಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಅವಳ ತವರು ಬ್ಯಾಕೋಡು. ಈಗೇನೋ ಸೇತುವೆ ಆಗಿದೆ, ಆಗ ಹಿನ್ನೀರು ದಾಟಲು ಲಾಂಚೇ ಗತಿ. ಅಣ್ಣನ ಮನೆಯ ಗೃಹಪ್ರವೇಶ ಮುಗಿಸಿ, ಅದರ ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಅವತ್ತು ವಾಪಸ್ ಬಂದಿದ್ದಳು.

“ಪೆನ್‌ಡ್ರೈವ್ ತಂದಿದ್ಯಲ್ಲ ಸುಜಾತ?” ಅಂತ ಮೇಷ್ಟ್ರು ಕೇಳಿದರು.

“ಹೌದು ಮಾವ. ಆದ್ರೆ ಅದು…”

“ಸರಿ ಬಿಡು.”

ಅಷ್ಟೇ. ಮೂವತ್ತು ವರ್ಷ ಮಕ್ಕಳನ್ನು ವಿಚಾರಣೆ ಮಾಡಿದವರು ಒಂದು ನಿಮಿಷದಲ್ಲಿ ತೀರ್ಪು ಕೊಟ್ಟರು. ಗೌರಮ್ಮ ಒಳಗಿಂದಲೇ “ತವರಿಂದ ತರೋದು ಇದೊಂದು ಬಾಕಿ ಇತ್ತು” ಅಂದರು. ಮೇಷ್ಟ್ರು ಕೀಬೋರ್ಡಿನ ವಯರ್ ಕಿತ್ತು, ಅದನ್ನು ಟವೆಲಿನಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನಾನು ಹೊರಟಾಗ ಸುಜಾತ ಗೇಟಿನವರೆಗೆ ಬಂದಳು. “ಅಕ್ಕಾ, ತೀರ್ಥಹಳ್ಳಿಯ ಒಬ್ರು ಕಾಲೇಜ್ ಮೇಡಂ ಬರೆದ ಪುಸ್ತಕ ಟೈಪ್ ಮಾಡಕ್ಕೆ ತಗಂಡಿದೀನಿ. ನನ್ನ ಮೊದಲ್ನೇ ಕೆಲಸ. ಇನ್ನೂ ಅರವತ್ತು ಪುಟ ಇದೆ. ಮುಂದಿನ ತಿಂಗಳ ಒಂದನೇ ತಾರೀಕಿನ ಒಳಗೆ ಕೊಡದಿದ್ರೆ ಬೇರೆಯವರಿಗೆ ಕೊಡ್ತಾರಂತೆ. ಮಾವಂಗೆ ನೀವೊಂದು ಮಾತು ಹೇಳ್ತೀರಾ?”

ನಾನು ಏನು ಹೇಳಿದೆ ಗೊತ್ತಾ? “ಇನ್ನು ಮೇಲೆ ಸ್ಕ್ಯಾನ್ ಮಾಡಿ ಹಾಕಮ್ಮ” ಅಂದೆ. ಬಸ್ಸಿಗೆ ಹೊತ್ತಾಯಿತು ಅಂತ ಬಂದುಬಿಟ್ಟೆ. ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಮಾರನೆಯ ದಿನದಿಂದ ಫೋನುಗಳು ಶುರುವಾದವು. ತೀರ್ಥಹಳ್ಳಿಯ ಎರಡು ಮನೆ, ಸಾಗರದ ಮೂರು, ಕೊನೆಗೆ ಸುಬ್ಬರಾಯರು. ಎಲ್ಲರ ಫೋಲ್ಡರುಗಳಿಗೂ ಅದೇ ಬಾಣದ ಗುರುತು. “ಲಲಿತಮ್ಮ, ನೀವು ಬಂದು ಹೋದ ಮೇಲೇ ಆಗಿದ್ದು ಕಣ್ರೀ” ಅಂದರು ರಾಯರು. ನನಗೆ ಸಿಟ್ಟು ನೆತ್ತಿಗೇರಿತು. ಫೋನ್ ಕುಕ್ಕಿ, ನನ್ನ ಮೇಲೇ ಅನುಮಾನವಾ ಅಂತ ಶೀನಣ್ಣನ ಮುಂದೆ ಕೂಗಾಡಿದೆ. ಕೂಗಾಡುತ್ತಲೇ, ನೋಡೇಬಿಡೋಣ ಅಂತ ಕೆಂಪು ಪೆನ್‌ಡ್ರೈವ್ ಚುಚ್ಚಿ, ಅಡಗಿದ ಫೈಲುಗಳನ್ನು ತೋರಿಸು ಎಂಬ ಗುಂಡಿ ಒತ್ತಿದೆ.

ತಾಳಮದ್ದಳೆಯ ಪಕ್ಕದಲ್ಲೇ ಅದು ಕೂತಿತ್ತು. ಎರಡೂ ಬಂದ ತಾರೀಕು ಒಂಬತ್ತು, ಎರಡಕ್ಕೂ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು.

ನೋಟ್‌ಬುಕ್ ತೆಗೆದೆ. ಮೇಷ್ಟ್ರ ಮನೆಯ ಕಂಪ್ಯೂಟರಿಗೆ ವೈರಸ್ ಬಂದದ್ದು ಅದೇ ದಿನ ಮಧ್ಯಾಹ್ನ ಒಂದೂ ಹತ್ತಕ್ಕೆ. ಹೊತ್ತನ್ನೂ ನಾನೇ ಬರೆದುಕೊಂಡಿದ್ದೆ. ಅವರ ಮುಂದೆ ತಾರೀಕು ಮಾತ್ರ ಓದಿ ಜಂಬ ಕೊಚ್ಚಿದ್ದೆ. ಬ್ಯಾಕೋಡಿನಿಂದ ಬರುವವಳಿಗೆ ಮೊದಲು ಸಿಗುವುದೇ ನಾಲ್ಕಕ್ಕೆ ಹೊಸನಗರ ಮುಟ್ಟುವ ಬಸ್ಸು, ಒಂದೂ ಹತ್ತಕ್ಕೆ ಬರಲು ಸಾಧ್ಯವೇ ಇಲ್ಲ. ಆ ಹೊತ್ತಿಗೆ ಸುಜಾತ ಲಾಂಚಿನಲ್ಲಿ, ನೀರಿನ ಮಧ್ಯೆ ಇದ್ದಿರಬೇಕು.

ಶೀನಣ್ಣ ಎಲ್ಲ ಕೇಳಿ, “ಸುಮ್ನಿರು ಮಾರಾಯ್ತಿ. ಎಲ್ಲರ ಯಂತ್ರ ಕ್ಲೀನ್ ಮಾಡಿ ಕೊಡು, ಬಾಯಿ ಬಿಡ್ಬೇಡ. ರಿಪೇರಿಯವಳೇ ವೈರಸ್ ಹಂಚಿದ್ಲು ಅಂತ ಮೂರು ತಾಲ್ಲೂಕಿಗೆ ಗೊತ್ತಾದ್ರೆ ನಿನ್ನ ಯಾರು ಒಳಗೆ ಬಿಡ್ತಾರೆ?” ಅಂದರು. ಮಾತು ಸುಳ್ಳಲ್ಲ. ಎರಡು ದಿನ ನಾನು ಸುಮ್ಮನೇ ಇದ್ದೆ. ಮೂರನೆಯ ದಿನ ಅನ್ನ ಬಡಿಸಿಕೊಂಡು ಕೂತಾಗ ಆ ಅರವತ್ತು ಪುಟ ನೆನಪಾಯಿತು. ಒಂದನೇ ತಾರೀಕಿಗೆ ಹತ್ತು ದಿನ ಉಳಿದಿತ್ತು. ತಟ್ಟೆ ಬಿಟ್ಟು ಎದ್ದೆ.

ಸುಲಭದ ಮನೆಗಳಿಗೆ ಮೊದಲು ಹೋದೆ. ಹೇಡಿಗಳ ಪದ್ಧತಿ ಅದು, ಒಪ್ಪಿಕೊಳ್ಳುತ್ತೇನೆ. ಆರು ಮನೆಗಳಲ್ಲೂ “ತಂದದ್ದು ನಾನೇ” ಅಂದೆ. ಒಂದು ಮನೆಯವರು ನೀರನ್ನೂ ಕೊಡದೆ ಕಳಿಸಿದರು, ಮತ್ತೆಂದೂ ಕರೆಯಲಿಲ್ಲ. ಸುಬ್ಬರಾಯರು ಮಾತ್ರ ಬೈಯಲೇ ಇಲ್ಲ. ಪರದೆಯ ಮೇಲೆ ಬೆರಳಿಟ್ಟು, “ಹಂಗಾದ್ರೆ ಮೂರೂ ಮಲಗಿದ್ವಾ?” ಅಂತ ಕೇಳಿದರು. ಆವತ್ತೇ ಎರಡನ್ನು ತೆಗೆಸಿದರು.

ಕೊನೆಗೆ ಉಳಿದದ್ದು ಮೇಷ್ಟ್ರ ಮನೆ. ಕಂಪ್ಯೂಟರ್ ಇನ್ನೊಮ್ಮೆ ನೋಡಬೇಕಿತ್ತು ಅಂತ ನೆಪ ಹೇಳಿ ಒಳಗೆ ಹೋದೆ. ಮೇಷ್ಟ್ರು ಕುರ್ಚಿಯಲ್ಲಿದ್ದರು, ಗೌರಮ್ಮ ಒಳಗೆ ಒಗ್ಗರಣೆ ಹಾಕುತ್ತಿದ್ದರು, ಸುಜಾತ ಕೆಳಗೆ ಕೂತು ಬೀನ್ಸ್ ಮುರಿಯುತ್ತಿದ್ದಳು. ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಸುಜಾತ ನನ್ನನ್ನು ನೋಡಿ ಮತ್ತೆ ಬೀನ್ಸಿನ ಕಡೆ ತಿರುಗಿದಳು.

ನೇರವಾಗಿ ಹೇಳಿದರೆ ಮೇಷ್ಟ್ರು ನಂಬುವವರಲ್ಲ. ಅವರಿಗೆ ಪ್ರಶ್ನೋತ್ತರವೇ ಆಗಬೇಕು. “ಮೇಷ್ಟ್ರೇ, ಆ ಒಂಬತ್ತನೇ ತಾರೀಕು ಸುಜಾತ ಮನೆ ಮುಟ್ಟಿದ್ದು ಎಷ್ಟೊತ್ತಿಗೆ?” ಅಂದೆ.

“ನಾಲ್ಕು ಗಂಟೆ ಬಸ್ಸಿಗೆ ಇಳಿದ್ಲು. ನಾನೇ ಸ್ಕೂಟರಲ್ಲಿ ಕರ್ಕಂಡು ಬಂದೆ.”

“ವೈರಸ್ ಬಂದಿದ್ದು ಮಧ್ಯಾಹ್ನ ಒಂದೂ ಹತ್ತಕ್ಕೆ. ಆಗ ಕಂಪ್ಯೂಟರ್ ಮುಂದೆ ಯಾರಿದ್ರು?”

ಮೇಷ್ಟ್ರು ತಲೆ ಎತ್ತಿ ಮನೆಯ ಮಾಡು ನೋಡಿದರು. ಉತ್ತರ ಅಡುಗೆಮನೆಯಿಂದ ಬಂತು. “ನೀವೇ ಅಲ್ದಾ? ಬಡಿಸಿಟ್ಟು ಮೂರು ಸಲ ಕರದ್ರೂ ಏಳ್ಲಿಲ್ಲ. ತಾಳಮದ್ದಳೆ ಕೇಳ್ತಾ ಕೂತಿದ್ರಿ. ಸಾರು ಆರಿ ತಣ್ಣಗಾಯ್ತು.”

“ಅದು…” ಮೇಷ್ಟ್ರು ನನ್ನ ಕಡೆ ತಿರುಗಿದರು. “ಅದು ನಿಮ್ಮ ಪೆನ್‌ಡ್ರೈವ್ ಲಲಿತಮ್ಮ. ಖಾಲಿ ಹೆಂಗೆ ಕಳ್ಸೋದು ಅಂತ ಬೆಳಿಗ್ಗೆ ಪೇಟೇಲಿ ಸೆಂಟರಿಗೆ ಹೋಗಿ ತುಂಬ್ಸಿದೆ. ಸರಿಯಾಗಿ ಕೇಳುತ್ತಾ ಅಂತ ನೋಡದೆ ಕೊಡೋದು ಹೆಂಗೆ? ಮನೇಲಿ ಹಾಕಿ ನೋಡ್ದೆ. ಆದ್ರೆ ಅದ್ರಲ್ಲಿ ಇದ್ದಿದ್ದು ವೈರಸ್ಸಿನ ಔಷಧಿ ಅಲ್ವಾ?”

“ಔಷಧಿ ಜೊತೆಗೇ ಸೇರ್ಕಂಡಿತ್ತು. ಮನೆಗೆ ತಂದಿದ್ದು ನೀವು ಮೇಷ್ಟ್ರೇ. ಅದನ್ನ ನೋಡದೆ ಆರು ಮನೆಗೆ ಹಂಚಿದ್ದು ನಾನು. ಅವಳ ಪೆನ್‌ಡ್ರೈವಲ್ಲಿ ಎಂತದೂ ಇರ್ಲಿಲ್ಲ. ಅವತ್ತು ಹೊತ್ತು ಓದದೆ ತಾರೀಕು ಓದಿದ್ದು ನನ್ನ ತಪ್ಪು. ಸುಜಾತ, ನಿನ್ನ ತಲೆ ಮೇಲೆ ಹಾಕ್ಬಿಟ್ಟೆ. ಕ್ಷಮಿಸಮ್ಮ.”

ಬೀನ್ಸ್ ಮುರಿಯುವ ಸದ್ದು ನಿಂತಿತು. ಒಗ್ಗರಣೆ ಸೀಯುತ್ತಿತ್ತು, ಗೌರಮ್ಮ ಅದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು. “ನಾನೂ ಒಂದು ಮಾತು ಆಡಿದ್ನಲ್ಲ” ಅಂತ ತಮ್ಮಷ್ಟಕ್ಕೆ ಅಂದುಕೊಂಡರು.

ಮೇಷ್ಟ್ರು ಎದ್ದು ಕೋಣೆಗೆ ಹೋದರು. ಬೀಗದ ಕೈ ಗೊಂಚಲಿನ ಸದ್ದು, ಬೀರುವಿನ ಬಾಗಿಲಿನ ಸದ್ದು. ಆಮೇಲೆ ಅವರು ಕೋಣೆಯಿಂದ ಅಡುಗೆಮನೆಗೆ ಹೋದದ್ದು ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಹಾಕಿದ್ದು ಕೇಳಿಸಿತು. ಹೊರಗೆ ಬಂದಾಗ ಕೀಬೋರ್ಡನ್ನು ಹರಿವಾಣದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ಅದರ ನಡುವೆ, ಗುಂಡಿಗಳ ಮೇಲೆ, ಒಂದು ಉಂಡೆ ಬೆಲ್ಲ.

“ತಗ ಸುಜಾತ” ಅಂದರು. “ಖಾಲಿ ಕೊಡಬಾರ್ದಲ್ಲ.”

ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಅದನ್ನು ತೆಗೆದುಕೊಂಡಳು. ನಕ್ಕಳೋ ಅತ್ತಳೋ ನನಗೆ ಸರಿಯಾಗಿ ಕಾಣಲಿಲ್ಲ, ನನ್ನ ಕಣ್ಣೇ ಸರಿ ಇರಲಿಲ್ಲ. ಅವತ್ತು ಸೀದ ಒಗ್ಗರಣೆಯ ಸಾರಿನಲ್ಲೇ ನಾಲ್ಕು ಜನ ಊಟ ಮಾಡಿದೆವು.

ಆಮೇಲೆ ನಾನು ಪೆನ್‌ಡ್ರೈವ್ ಬಿಟ್ಟು, ಒಮ್ಮೆ ಬರೆದರೆ ಮತ್ತೆ ಬರೆಯಲಾಗದ ಸಿಡಿಯಲ್ಲಿ ಸಾಮಾನು ಇಟ್ಟುಕೊಂಡು ತಿರುಗಿದೆ. ಅದರೊಳಗೆ ಯಾರಿಗೂ ಮರ್ಯಾದೆ ತುಂಬಲು ಆಗುತ್ತಿರಲಿಲ್ಲ. ನೀವೂ ಎಲ್ಲರಿಗಿಂತ ಮೊದಲು ನಿಮ್ಮದನ್ನು ಸ್ಕ್ಯಾನ್ ಮಾಡಿಕೊಳ್ಳಿ.

ಒಂದನೇ ತಾರೀಕಿನ ಹಿಂದಿನ ದಿನ ಸುಜಾತ ಫೋನ್ ಮಾಡಿದಳು. ಅರವತ್ತು ಪುಟವೂ ಮುಗಿದು ತೀರ್ಥಹಳ್ಳಿಗೆ ಹೋಗಿತ್ತು. ಮೇಡಂ ಇನ್ನೊಂದು ಪುಸ್ತಕವನ್ನೂ ಕೊಟ್ಟಿದ್ದರು. “ಆದ್ರೆ ಅಕ್ಕಾ, ನೀವೊಂದ್ಸಲ ಬರ್ಬೇಕಲ್ಲ. ಕೀಬೋರ್ಡ್ ತುಂಬಾ ಇರುವೆ.”

ಹೋದೆ. ಗುಂಡಿಗಳನ್ನೆಲ್ಲ ಕಿತ್ತು, ಬ್ರಶ್ಶಿನಲ್ಲಿ ಗುಡಿಸಿದೆ. ಒಳಗೆಲ್ಲ ಬೆಲ್ಲದ ಪುಡಿ, ಇರುವೆಯ ಸಾಲು. ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಗೌರಮ್ಮ ಕಾಫಿ ತಂದಿಟ್ಟರು, ಸುಜಾತ ಗುಂಡಿಗಳನ್ನು ಒಂದೊಂದಾಗಿ ಒರೆಸಿ ಕೊಟ್ಟಳು. ಇದನ್ನು ತಂದವರು ಯಾರು ಅಂತ ಆ ಮನೆಯಲ್ಲಿ ಅವತ್ತು ಯಾರೂ ಕೇಳಲಿಲ್ಲ.